ಕರಡಿ ಆಟ ನಿಂತಿತು, ದರೋಜಿ ಗೋಪುರ ಎದ್ದಿತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಿರಿಯರನ್ನು ಕೇಳಿ ನೋಡಿ. ಕರಡಿ ಆಡಿಸುವವರು ಊರಿಗೆ ಬಂದರೆ ಓಣಿಯ ಹುಡುಗರೆಲ್ಲ ಅವರ ಹಿಂದೆಯೇ. ಅಂಜಿಕೆ ಹೋಗಲಿ ಅಂತ ಮಕ್ಕಳನ್ನು ಕರಡಿ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯತದಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಆ ಕರಡಿಯ ಮೂತಿಗೆ ತೂತು ಹಾಕಿ ಹಗ್ಗ ಪೋಣಿಸಿದ್ದು, ಹಲ್ಲು ಕಿತ್ತಿದ್ದು ಎಲ್ಲರ ಕಣ್ಣೆದುರೇ ಇತ್ತು. ಯಾರೂ ಆ ಮಾತು ಎತ್ತುತ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆದರೂ ಆಟ ನಿಲ್ಲಲು ಮೂವತ್ತೇಳು ವರ್ಷ ಬೇಕಾಯಿತು. ಕಲಂದರ್ ಕುಟುಂಬಗಳಿಗೆ ಅದೇ ಹೊಟ್ಟೆಪಾಡು. ಬೇರೆ ದುಡಿಮೆಗೆ ದಾರಿ ಮಾಡದೆ ಹಗ್ಗ ಬಿಡಿ ಅಂದರೆ ಯಾರು ಬಿಟ್ಟಾರು? ದೇಶದ ಕೊನೆಯ ಆಟದ ಕರಡಿ ಎಂದು ಹೇಳಲಾದ ರಾಜು 2009ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಬನ್ನೇರುಘಟ್ಟಕ್ಕೆ ಸೇರಿದ.

ಅಷ್ಟರಲ್ಲಿ ತುಂಗಭದ್ರೆಯ ಆಚೆ, ಕಮಲಾಪುರದ ಹತ್ತಿರ, ಕರಡಿ ನೋಡುವ ಬೇರೆಯೇ ರೀತಿ ಶುರುವಾಗಿತ್ತು. 1994ರಲ್ಲಿ ದರೋಜಿ ಕರಡಿಧಾಮ ಘೋಷಣೆಯಾಯಿತು. ಅಲ್ಲಿ ಮಧ್ಯಾಹ್ನ ಅರಣ್ಯ ಇಲಾಖೆಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಮೆತ್ತಿ ಬರುತ್ತಾರೆ. ಜನ ಕರಡಿಕಲ್ಲು ಗುಡ್ಡದ ಎದುರಿನ ವೀಕ್ಷಣಾ ಗೋಪುರದಲ್ಲಿ ಸದ್ದಿಲ್ಲದೆ ಕಾಯಬೇಕು. ಮೊದಲು ನವಿಲು, ಮುಂಗುಸಿ ಬಂದು ತಮ್ಮ ಪಾಲು ತಿನ್ನುತ್ತವೆ. ಬಿಸಿಲು ಇಳಿದ ಮೇಲೆ ಬಂಡೆಗಳ ಸಂದಿಯಿಂದ ಕರಿಯ ಗುಡ್ಡೆಯೊಂದು ಉರುಳಿ ಬಂದಂತೆ ಕರಡಿ ಇಳಿಯುತ್ತದೆ. ತಾಯಿ ಬೆನ್ನ ಮೇಲೆ ಮರಿ ಇದ್ದರೆ ಆ ದಿನದ ಭಾಗ್ಯ. ಒಂದು ಕಾಲದಲ್ಲಿ ನಮ್ಮ ಮಕ್ಕಳು ಕೂತ ಬೆನ್ನು ಅದು!

ಬೆಲ್ಲ ಹಾಕಿ ಕರೆಸುವುದೂ ಒಂದು ಆಟವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಇಲ್ಲಿ ಕರಡಿಗೆ ಬರದೆ ಇರುವ ಹಕ್ಕಿದೆ. ಗೆದ್ದಲು, ಇರುವೆ, ಕಾರೆ, ಕವಳಿ, ಬಾರಿ ಹಣ್ಣು ಅದರ ನಿಜವಾದ ಊಟ. ಬೆಲ್ಲ ಬರೀ ಬಾಯಿ ಸಿಹಿ.

ಹೊಳೆಯ ಈಚೆ ನಮ್ಮ ಆನೆಗೊಂದಿ, ಗಂಗಾವತಿಯ ಗುಡ್ಡಗಳಲ್ಲೂ ಅದೇ ಬಂಡೆ, ಅದೇ ಕರಡಿ. ಗೋಪುರ ಮಾತ್ರ ಇಲ್ಲ. ಪ್ರವಾಸಿಗರು ದುರ್ಬೀನು ಹಿಡಿದು ದೂರದಿಂದ ನೋಡುವ ಪ್ರಾಣಿಯನ್ನು ನಮ್ಮ ರೈತ ನಸುಕಿನಲ್ಲಿ ಹೊಲದ ಬದುವಿನ ಮೇಲೆ ಎದುರುಗೊಳ್ಳುತ್ತಾನೆ. ಕರಡಿಗೆ ಕಣ್ಣು ಮಂದ. ಹತ್ತಿರ ಬರುವವರೆಗೆ ಮನುಷ್ಯ ಕಾಣಿಸುವುದಿಲ್ಲ, ಕಂಡಾಗ ಬೆದರಿ ಮೇಲೆ ಬೀಳುತ್ತದೆ. ಅದಕ್ಕೇ ಕತ್ತಲಲ್ಲಿ ನೀರು ಹಾಯಿಸಲು ಹೋಗುವವರು ಒಬ್ಬರೇ ಹೋಗಬೇಡಿ. ಬ್ಯಾಟರಿ ಇರಲಿ, ಜೋರಾಗಿ ಮಾತಾಡುತ್ತಾ ನಡೆಯಿರಿ.