ಆದಿ ಕ್ರೈಸ್ತ ಸಭೆಯಲ್ಲಿ ಯೆಹೂದ್ಯರು ಮತ್ತು ಅನ್ಯಜನರು

ಕ್ರೈಸ್ತ ಸಭೆ ಹುಟ್ಟಿದ್ದು ಯೆಹೂದ್ಯರ ನಡುವೆ. ಯೇಸು, ಆತನ ಹನ್ನೆರಡು ಮಂದಿ ಶಿಷ್ಯರು, ಯೆರೂಸಲೇಮಿನ ಸಭೆಯ ಮುಂದಾಳು ಯಾಕೋಬ, ಎಲ್ಲರೂ ಯೆಹೂದ್ಯರೇ. ಸಿರಿಯದ ಅಂತಿಯೋಕ್ಯದಲ್ಲಿ ಅನ್ಯಜನರೂ, ಅಂದರೆ ಯೆಹೂದ್ಯರಲ್ಲದವರೂ, ಸಭೆ ಸೇರತೊಡಗಿದಾಗ, ಅವರು ಸುನ್ನತಿ ಮಾಡಿಸಿಕೊಳ್ಳಲೇಬೇಕೆ ಎಂಬ ಪ್ರಶ್ನೆ ಎದ್ದಿತು. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಕೂಡಿದ ಹಿರಿಯರು ಬೇಡವೆಂದರು. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ಜಾರತನ ಇವನ್ನು ಬಿಟ್ಟರೆ ಸಾಕೆಂದು ಅವರು ತೀರ್ಮಾನಿಸಿದ್ದಾಗಿ ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳು' ಹೇಳುತ್ತದೆ. ನಾಲ್ಕರಲ್ಲಿ ಮೂರು ಊಟದ ವಿಷಯವೇ. ನಿಜವಾದ ತೊಡಕು ಪಂಕ್ತಿಯಲ್ಲಿತ್ತು. ಅಂತಿಯೋಕ್ಯದಲ್ಲಿ ಅನ್ಯಜನರೊಡನೆ ಕೂತು ಉಣ್ಣುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಯಾಕೋಬನ ಕಡೆಯವರು ಬಂದೊಡನೆ ಅಂಜಿ ಬೇರೆಯಾದ; ಪೌಲನ ಜೊತೆಗಾರ ಬಾರ್ನಬನೂ ಅವನ ಹಾದಿ ಹಿಡಿದ. ಅನ್ಯಜನರಿಗೆ ಬೋಧಿಸುತ್ತಿದ್ದ ಪೌಲ ಎಲ್ಲರೆದುರೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಪೇತ್ರ ಒಪ್ಪಿದನೆಂದು ಮಾತ್ರ ಪೌಲ ಎಲ್ಲೂ ಬರೆದಿಲ್ಲ. ಒಪ್ಪಿದ್ದರೆ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಹೇಳದೆ ಬಿಡುತ್ತಿರಲಿಲ್ಲವೆಂದೇ ತೋರುತ್ತದೆ.

ಸಭೆಯ ಯೆಹೂದ್ಯ ಬೇರನ್ನು ಕಡಿದವನು ಪೌಲನೇ ಎಂಬ ವಾದ ಹಳೆಯದು, ಆದರೆ ಪುರಾವೆಗೆ ನಿಲ್ಲದು. ಸುನ್ನತಿಯಾದವನು ಅದನ್ನು ಮರೆಮಾಡಬಾರದೆಂದು ಕೊರಿಂಥದವರಿಗೆ ಬರೆದವನೂ ಅವನೇ. ಮಕೆದೋನ್ಯ, ಅಖಾಯಗಳ ಸಭೆಗಳಿಂದ ಹಣ ಕೂಡಿಸಿ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ತಾನೇ ಒಯ್ಯಲು ಹೊರಟವನು ನಂಟು ಹರಿದುಕೊಳ್ಳುವವನಲ್ಲ. ದೂರವನ್ನು ಹೆಚ್ಚಿಸಿದ್ದು ಆಮೇಲಿನ ಅನಾಹುತಗಳು: 62ರಲ್ಲಿ ಯಾಕೋಬನ ಕೊಲೆ, 70ರಲ್ಲಿ ರೋಮನ್ನರಿಂದ ದೇವಾಲಯದ ನಾಶ, 135ರಲ್ಲಿ ರೋಮಿನ ವಿರುದ್ಧ ಯೆಹೂದ್ಯರು ಎದ್ದ ಬಾರ್ ಕೊಖ್ಬಾ ದಂಗೆ ಅಡಗಿದ ಮೇಲೆ ಯೆಹೂದ್ಯರು ಯೆರೂಸಲೇಮಿಗೆ ಕಾಲಿಡದಂತೆ ಬಂದ ನಿಷೇಧ. ಅಲ್ಲಿಂದ ಮುಂದೆ ಆ ಊರಿನ ಬಿಷಪರೂ ಅನ್ಯಜನರೇ ಆದರೆಂದು ಸಭೆಯ ಚರಿತ್ರಕಾರ ಯೂಸೇಬಿಯಸ್ ದಾಖಲಿಸಿದ್ದಾನೆ.

ಹಾಗೆಂದು 135ಕ್ಕೇ ಎಲ್ಲ ಮುಗಿಯಿತೆನ್ನಲಾಗದು. ಸುಮಾರು 160ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್, ಮೋಶೆಯ ಧರ್ಮಶಾಸ್ತ್ರ ಪಾಲಿಸುವ ಯೆಹೂದ್ಯ ವಿಶ್ವಾಸಿ ಅದನ್ನು ಇತರರ ಮೇಲೆ ಹೇರದಿದ್ದರೆ ಅವನಿಗೂ ರಕ್ಷಣೆಯುಂಟೆಂದು ಬರೆದ. ಇದನ್ನೊಪ್ಪದ ಕ್ರೈಸ್ತರಿದ್ದಾರೆಂದೂ ಹೇಳಿದ. 386-387ರಲ್ಲಿ ಅಂತಿಯೋಕ್ಯದ ಬೋಧಕ ಯೋಹಾನ್ ಕ್ರಿಸೊಸ್ತೊಮ್, ಯೆಹೂದ್ಯರ ಹಬ್ಬ, ಉಪವಾಸಗಳಿಗೆ ಹೋಗುತ್ತಿದ್ದ ಕ್ರೈಸ್ತರ ವಿರುದ್ಧ ಎಂಟು ಪ್ರಸಂಗ ಮಾಡಿದ. ಯೆಹೂದ್ಯರ ಮೇಲೆ ಅವನು ಅಲ್ಲಿ ಕಾರಿದ ವಿಷ ಮುಂದಿನ ಶತಮಾನಗಳಲ್ಲಿ ಘೋರ ಕೇಡು ಮಾಡಿತು. ಬೋಧಕರು ಉತ್ಪ್ರೇಕ್ಷಿಸುತ್ತಾರೆಂಬ ಆಕ್ಷೇಪ ನ್ಯಾಯವೇ. ಆದರೂ ಇಲ್ಲದ ರೂಢಿಯನ್ನು ನಿಲ್ಲಿಸಲು ಇಷ್ಟೊಂದು ಪ್ರಸಂಗ ಬೇಕಿರಲಿಲ್ಲ. ಅದೇ ಕಾಲದಲ್ಲಿ ಸಿರಿಯದ ಬೆರೊಯದಲ್ಲಿ, ಅಂದರೆ ಇಂದಿನ ಅಲೆಪ್ಪೊದಲ್ಲಿ, ಯೇಸುವನ್ನು ನಂಬಿಯೂ ಧರ್ಮಶಾಸ್ತ್ರ ಬಿಡದ ನಜರೇನರು ಇದ್ದರೆಂದು ಕ್ರೈಸ್ತ ಲೇಖಕರಾದ ಎಪಿಫಾನಿಯಸ್ ಮತ್ತು ಜೆರೋಮ್ ಇಬ್ಬರೂ ತಿಳಿಸುತ್ತಾರೆ.