ಜಕ್ಕೂರು ವಿಮಾನ ನಿಲ್ದಾಣ: ಇತಿಹಾಸ, ಕಾರ್ಯನಿರ್ವಹಣೆ ಹಾಗೂ ತುಮಕೂರು ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

ತುಮಕೂರು ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿರುವುದಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ವಿಸ್ತೀರ್ಣದಲ್ಲಿರುವ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಅದನ್ನು ಲೋಕಾರ್ಪಣೆ ಮಾಡಲಾಯಿತು. ಅಲ್ಲಿ ಓಡುಪಥವೂ ಹಾರಾಟ ನಿಯಂತ್ರಣ ವ್ಯವಸ್ಥೆಯೂ ಇವೆಯಾದರೂ ಅವು ಕಾರ್ಖಾನೆಯ ಕೆಲಸಕ್ಕೆ ಸೇರಿದವು. ಸಾರ್ವಜನಿಕ ತರಬೇತಿಗೆ ಅಲ್ಲ. ಆದ್ದರಿಂದ ಪೈಲಟ್ ಆಗಬಯಸುವ ಈ ಜಿಲ್ಲೆಯ ವಿದ್ಯಾರ್ಥಿಗಳು ಸರ್ಕಾರಿ ಸಂಸ್ಥೆಯೊಂದನ್ನು ಅರಸಿದಾಗ ಮೊದಲು ಕೇಳುವ ಹೆಸರು ಬೆಂಗಳೂರಿನ ಜಕ್ಕೂರು.

ಜಕ್ಕೂರು ವಿಮಾನ ನಿಲ್ದಾಣವು ಶ್ರೀ ಜಯಚಾಮರಾಜ ಒಡೆಯರ್ ಅವರ ಕಾಲದಲ್ಲಿ, 1948ರಲ್ಲಿ ಸ್ಥಾಪನೆಯಾಯಿತು. ಸುಮಾರು 200 ಎಕರೆಯ ಈ ಬಯಲು ಆಗ ಊರಾಚೆಯ ಜಮೀನಾಗಿತ್ತು. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಇದೇ ಆವರಣದಲ್ಲಿದೆ. ಇಲ್ಲಿಂದ ನಿಗದಿತ ಪ್ರಯಾಣಿಕ ವಿಮಾನ ಸೇವೆ ಇರುವುದಿಲ್ಲ. ತರಬೇತಿ ಹಾರಾಟ, ಖಾಸಗಿ ಸಣ್ಣ ವಿಮಾನಗಳು, ಮೈಕ್ರೋಲೈಟ್‌ಗಳು ಹಾಗೂ ಬಾಡಿಗೆ ಹೆಲಿಕಾಪ್ಟರ್‌ಗಳು ಈ ನಿಲ್ದಾಣವನ್ನು ಬಳಸುತ್ತಾ ಬಂದಿವೆ. 2003ರಲ್ಲಿ ಏರ್ ಡೆಕ್ಕನ್ ಮೂಲಕ ಕಡಿಮೆ ದರದ ವಿಮಾನ ಪ್ರಯಾಣವನ್ನು ಆರಂಭಿಸಿದ ಡೆಕ್ಕನ್ ಏವಿಯೇಷನ್ ಸಂಸ್ಥೆಯು ಅದಕ್ಕೂ ಮುನ್ನ ಹೆಲಿಕಾಪ್ಟರ್ ಸೇವೆ ನಡೆಸುತ್ತಿದ್ದುದು ಜಕ್ಕೂರಿನಿಂದಲೇ ಎಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ.

ನಿಲ್ದಾಣದ ಓಡುಪಥವು ಪೂರ್ವ-ಪಶ್ಚಿಮ ದಿಕ್ಕಿನಲ್ಲಿದ್ದು, ಅದರ ಉದ್ದ 914 ಮೀಟರ್, ಅಂದರೆ ಸುಮಾರು 3,000 ಅಡಿ. ಬೆಂಗಳೂರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಿಮೆ. ಬೇಸಿಗೆಯ ಮಧ್ಯಾಹ್ನ ಮತ್ತೂ ಕಡಿಮೆ. ಆದಕಾರಣ ಸಣ್ಣ ವಿಮಾನವೂ ಮೇಲೇರಲು ಕರಾವಳಿಯಲ್ಲಿ ಓಡುವುದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಇಲ್ಲಿ ಓಡುಪಥದ ಪ್ರತಿಯೊಂದು ಮೀಟರಿಗೂ ಬೆಲೆಯಿದೆ.

ತೊಡಕು ಬಂದಿರುವುದೂ ಇದೇ ವಿಷಯದಲ್ಲಿ. ಓಡುಪಥದ ಪಶ್ಚಿಮದ ತುದಿಯ ಬಳಿ ಬಳ್ಳಾರಿ ರಸ್ತೆ ಹಾದುಹೋಗುತ್ತದೆ. 2008ರಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಬಳಿಕ ಈ ರಸ್ತೆಯ ಮೇಲೆ ಎತ್ತರಿಸಿದ ಹೆದ್ದಾರಿ ನಿರ್ಮಾಣವಾಯಿತು. ನಮ್ಮ ಮೆಟ್ರೋದ ನೀಲಿ ಮಾರ್ಗವನ್ನೂ ಇದೇ ರಸ್ತೆಯಗುಂಟ ಯೋಜಿಸಲಾಗಿದೆ. ಸಣ್ಣ ಓಡುಪಥಗಳಿಗೆ ಅನ್ವಯಿಸುವ ಮಾನದಂಡದ ಪ್ರಕಾರ, ಇಳಿಯುವ ದಾರಿಯಲ್ಲಿ ಪ್ರತಿ 1 ಮೀಟರ್ ಎತ್ತರದ ಅಡೆತಡೆಗೆ 20ರಿಂದ 25 ಮೀಟರ್ ಅಂತರವಿರಬೇಕು. ಹೀಗಾಗಿ 10 ಮೀಟರ್ ಎತ್ತರದ ಒಂದು ಕಟ್ಟಡವು ತೀರ ಸಮೀಪ ಬಂದರೆ 200 ಮೀಟರಿಗೂ ಹೆಚ್ಚು ಓಡುಪಥವನ್ನು ನುಂಗಬಲ್ಲದು. ಡಾಂಬರು ಇದ್ದಲ್ಲಿಯೇ ಇರುತ್ತದೆ, ಬಳಕೆಗೆ ಮಾತ್ರ ಸಿಗುವುದಿಲ್ಲ. ಎತ್ತರಿಸಿದ ಹೆದ್ದಾರಿಯಿಂದ ಜಕ್ಕೂರಿನ ಬಳಕೆಯ ಉದ್ದ ಕಡಿಮೆಯಾದುದು ಹೀಗೆಯೇ. ವಿಮಾನ ನಿಲ್ದಾಣಗಳ ಸುತ್ತ ಕಟ್ಟಡ ಕಟ್ಟುವವರಿಗೆ ಅನ್ವಯವಾಗುವ ಕೇಂದ್ರ ಸರ್ಕಾರದ 2015ರ ಎತ್ತರ ನಿರ್ಬಂಧ ನಿಯಮಗಳನ್ನು ಬರಿಯ ಕಾಗದಪತ್ರದ ವಿಧಿಯೆಂದು ಭಾವಿಸಬಾರದು.

ಉತ್ತರಕ್ಕೆ ಯಲಹಂಕ ವಾಯುಪಡೆ ನೆಲೆ ಹತ್ತಿರದಲ್ಲಿಯೇ ಇರುವುದರಿಂದ ಜಕ್ಕೂರಿನ ಹಾರಾಟವು ಅಲ್ಲಿನ ಚಟುವಟಿಕೆಗೆ ಹೊಂದಿಕೊಂಡು ನಡೆಯಬೇಕಾಗುತ್ತದೆ.

ಅಭ್ಯರ್ಥಿಗಳ ಗಮನಕ್ಕೆ: ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ ವಯಸ್ಸು 18 ವರ್ಷ, ಹಾರಾಟದ ಅನುಭವ 200 ಗಂಟೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಹಾಗೂ ಗಣಿತ ಕಡ್ಡಾಯವೆಂಬ ನಿಯಮವನ್ನು ಸಡಿಲಿಸುವ ಪ್ರಸ್ತಾವ 2025ರಲ್ಲಿ ಪರಿಶೀಲನೆಗೆ ಬಂದಿದ್ದರಿಂದ, ಕಲೆ ಮತ್ತು ವಾಣಿಜ್ಯ ವಿಭಾಗದವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಚಲಿತ ನಿಯಮವನ್ನು ನೋಡಿಕೊಳ್ಳತಕ್ಕದ್ದು. ಮೊದಲು ದ್ವಿತೀಯ ದರ್ಜೆಯ, ತರುವಾಯ ಪ್ರಥಮ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಪಡೆಯಬೇಕು. ಜಮೀನು ಅಡವಿಟ್ಟು ಶುಲ್ಕ ಕಟ್ಟಿದ ನಂತರ ದೃಷ್ಟಿದೋಷ ತಿಳಿದುಬಂದರೆ ಕುಟುಂಬಕ್ಕೆ ಆಗುವ ನಷ್ಟ ದೊಡ್ಡದು; ಆದ್ದರಿಂದ ವೈದ್ಯಕೀಯ ಪರೀಕ್ಷೆಗೆ ಮುನ್ನ ಯಾವ ಸಂಸ್ಥೆಗೂ ಹಣ ಪಾವತಿಸದಿರುವುದು ಕ್ಷೇಮ. ಹಾರಾಟಕ್ಕೆ ಅರ್ಹವಾದ ವಿಮಾನಗಳು ಹಾಗೂ ಬೋಧಕರು ಎಷ್ಟು, 200 ಗಂಟೆ ಪೂರೈಸಲು ಹಿಂದಿನ ತಂಡಕ್ಕೆ ಎಷ್ಟು ತಿಂಗಳು ಹಿಡಿಯಿತು, ರಾತ್ರಿ ಹಾರಾಟದ 5 ಗಂಟೆಯನ್ನು ಎಲ್ಲಿ ಪೂರೈಸಲಾಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬಹುದು.

ಕುಣಿಗಲ್ ಭಾಗದಿಂದ ವಿಚಾರಿಸುವವರಿಗೆ: ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣಕ್ಕಾಗಿ 2025ರಲ್ಲಿ ಪರಿಶೀಲಿಸಲಾದ ಮೂರು ಸ್ಥಳಗಳಲ್ಲಿ ನೆಲಮಂಗಲ-ಕುಣಿಗಲ್ ರಸ್ತೆಯ ಒಂದು ಸ್ಥಳವೂ ಇತ್ತು. ಅದು ಪ್ರಯಾಣಿಕ ವಿಮಾನಗಳಿಗೆ ಸಂಬಂಧಿಸಿದ ಪ್ರಸ್ತಾವ. ಸ್ಥಳ ಪರಿಶೀಲನೆಯು ಸ್ಥಳದ ಆಯ್ಕೆಯಲ್ಲವಾದುದರಿಂದ, ಅದನ್ನು ಮುಂದಿಟ್ಟು ನಿವೇಶನ ಮಾರುವವರ ಮಾತನ್ನು ನಂಬುವ ಮುನ್ನ ಅಧಿಕೃತ ಅಧಿಸೂಚನೆಯನ್ನು ತೋರಿಸುವಂತೆ ಕೇಳತಕ್ಕದ್ದು.