ಜಾಮೀನು ಸಿಕ್ಕ ಸಂಜೆ

ನಾನು ಮುಂದೆ ಕೆಲಸ ಮಾಡಿದ ಮೊಳಕಾಲ್ಮುರು 1953ರವರೆಗೆ ಮೈಸೂರಿನ ಗಡಿ. ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಆ ಬಳ್ಳಾರಿಯ ಜೈಲನ್ನು ಆಳುತ್ತಿದ್ದದ್ದು 1894ರ ಬಂದೀಖಾನೆ ಕಾಯ್ದೆ. ಪ್ರತಿ ಜೈಲಿಗೂ ಆಸ್ಪತ್ರೆ ಬೇಕು, ಕೈದಿಯನ್ನು ಬೇರೆ ಜೈಲಿಗೆ ಸಾಗಿಸುವ ಮುಂಚೆ ವೈದ್ಯರು ನೋಡಬೇಕು ಎಂದೆಲ್ಲ ಅದರಲ್ಲಿದೆ. ಹಾಗೆ ಬರೆದ 27 ವರ್ಷಕ್ಕೆ, 1921ರ ನವೆಂಬರಿನಲ್ಲಿ, ಮಾಪಿಳ್ಳೆ ದಂಗೆಯ ಕೈದಿಗಳನ್ನು ತಿರೂರಿನಲ್ಲಿ ಗೂಡ್ಸ್ ಬೋಗಿಗೆ ತುಂಬಿ ಬಳ್ಳಾರಿ ಜೈಲಿಗೆಂದು ಹೊರಡಿಸಿದರು. ದಾರಿಯಲ್ಲೇ ಉಸಿರುಗಟ್ಟಿ ಸತ್ತವರು ಸುಮಾರು 70 ಮಂದಿ.

ಅದೇ ಕಾಯ್ದೆಯ 26ನೇ ಕಲಮು ನನ್ನನ್ನು ಬಹಳ ಕಾಡಿದೆ. ಅಪಾಯಕಾರಿ ಕಾಯಿಲೆಯಿರುವ ಕೈದಿಯನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಬಿಡುಗಡೆ ಮಾಡಕೂಡದು ಎನ್ನುತ್ತದೆ ಅದು. ಆದರೆ ಮನೆಗೆ ಹೋಗು ಎಂದರೆ ಬೇಡ ಎನ್ನುವವನು ಯಾರು? ಅವನು ಹೂಂ ಎಂದ ಮೇಲೆ ಅವನ ರೋಗದ ಪಾಡೇನು? ಕಲಮು ಸುಮ್ಮನಾಗುತ್ತದೆ.

'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ವಿಚಾರಣೆಯೇ ಇಲ್ಲದೆ ಎಂಟು ತಿಂಗಳು. ಅವರಿಗೆ ತೀವ್ರ ಉಬ್ಬಸ. ಸರಿಯಾದ ಚಿಕಿತ್ಸೆ ಸಿಗದೆ ದೇಹ ಸೋತಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ಜೈಲಿನ ಸಾವುಗಳ ಲೆಕ್ಕಕ್ಕೆ ಇಂಥ ಸಾವು ಸೇರುವುದಿಲ್ಲ, ಏಕೆಂದರೆ ಅದು ಹೊರಗೆ ಆದದ್ದು. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ.

ಅದೇ ಜೈಲಿನಿಂದ ರಾಮಮೂರ್ತಿ ಎಂಬ ಕೈದಿ ಬರೆದ ಪತ್ರವನ್ನು ಸುಪ್ರೀಂ ಕೋರ್ಟು ಅರ್ಜಿಯಾಗಿ ತೆಗೆದುಕೊಂಡಿತು. 1996ರ ಡಿಸೆಂಬರಿನ ತೀರ್ಪು ಜೈಲುಗಳ ಒಂಬತ್ತು ಕೊರತೆಗಳನ್ನು ಎಣಿಸಿತು; ಆರೋಗ್ಯದ ಕಡೆಗಣನೆ ಅವುಗಳಲ್ಲೊಂದು.

ಆ ಕಡೆಗಣನೆಯನ್ನು ನಾನೂ ಹತ್ತಿರದಿಂದ ಕಂಡೆ. ಕ್ಷಯ ಚಿಕಿತ್ಸೆಯ ಮೇಲ್ವಿಚಾರಕನಾಗಿ ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳ್ಳಿಗಳನ್ನು ಬೈಕಿನಲ್ಲಿ ಸುತ್ತಿದವನು ನಾನು. ಆಗ ಒಬ್ಬೊಬ್ಬ ರೋಗಿಗೂ ಅವನ ಹೆಸರು ಬರೆದ ಒಂದು ಪೆಟ್ಟಿಗೆ. ಇಡೀ ಚಿಕಿತ್ಸೆಯ ಗುಳಿಗೆ ಅದರೊಳಗೆ. ಮೊಳಕಾಲ್ಮುರು ಕಡೆಯ ರೇಷ್ಮೆ ನೇಕಾರನೊಬ್ಬ ವಿಚಾರಣಾಧೀನ ಕೈದಿಯಾಗಿದ್ದಾಗ ಕಫದಲ್ಲಿ ಕ್ಷಯ ಕಂಡು, ಜೈಲಿನಲ್ಲೇ ಗುಳಿಗೆ ಶುರುವಾಗಿತ್ತು. ಎರಡನೇ ತಿಂಗಳು ಜಾಮೀನು ಬಂತು. ಆದೇಶ ತಲುಪಿದ್ದು ಸಂಜೆ, ವೈದ್ಯರು ಹೊರಟುಹೋಗಿದ್ದರು. ಇವನು ಬಸ್ಸು ಹತ್ತಿದ, ಪೆಟ್ಟಿಗೆ ಅಲ್ಲೇ ಉಳಿಯಿತು. ನಮಗೆ ಒಂದು ಚೀಟಿಯೂ ಬರಲಿಲ್ಲ.

ತಿಂಗಳುಗಟ್ಟಲೆ ಗುಳಿಗೆ ಬಿಟ್ಟ ಮೇಲೆ ಮತ್ತೆ ಕೆಮ್ಮು. "ಜೈಲಲ್ಲಿ ದಿನಾ ಕರೆದು ಗುಳಿಗೆ ಕೊಡ್ತಿದ್ರಂತೆ ಸ್ವಾಮಿ, ಮನೇಲಿ ಯಾರು ಕೊಡ್ತಾರೆ?" ಎಂದರು ಅವನ ತಾಯಿ. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ನಡುವೆ ಬಿಟ್ಟವರಿಗೆ ಆಗ ಎಂಟು ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ವಾರಕ್ಕೆ ಮೂರು ಸೂಜಿ. ಸೂಜಿಗಾಗಿ ಬಂದುಹೋಗುವ ದಿನ ಮಗ್ಗದ ಕೂಲಿಯಿಲ್ಲ. ಮಾಲೀಕ ಮಗ್ಗವನ್ನೇ ಬೇರೆಯವರಿಗೆ ಕೊಟ್ಟ. ಜೈಲಿನ ಕಾಯಿಲೆ ಎಂದು ಅಕ್ಕಪಕ್ಕದವರು ನೀರಿನ ಬಿಂದಿಗೆಯನ್ನೂ ದೂರ ಇಟ್ಟರು.

ಆ ಮನೆಯಲ್ಲಿ ಎಲ್ಲರ ಕಫ ಪರೀಕ್ಷೆ ಮಾಡಿಸಿದೆವು. ತಮ್ಮನಿಗೂ ಹತ್ತಿತ್ತು. ಅವನು ಜೈಲನ್ನು ಹೊರಗಿನಿಂದಲೂ ನೋಡಿದವನಲ್ಲ.